ಅಗಲ ಬಾಗಿಲಿನ ಕ್ಯಾಬಿನ್

ಸುದ್ದಿ ತಿಳಿದ ದಿನ ಅಕ್ಕನ ಕೈಯಲ್ಲಿ ಅಳತೆಯ ಟೇಪಿತ್ತು. ಟೇಪು ಒಬ್ಬ ದಪ್ಪ ಗುಮಾಸ್ತನ ಎದೆಯನ್ನು ಸುತ್ತಿಕೊಂಡಿತ್ತು. ಅವನು ಉಸಿರು ಒಳಗೆಳೆದು, ಹೊಟ್ಟೆಯೇ ಇಲ್ಲದವನ ಹಾಗೆ ನೆಟ್ಟಗೆ ನಿಂತಿದ್ದ. "ಉಸಿರು ಬಿಡಿ ಸ್ವಾಮಿ, ಅಂಗಿ ಹಾಕ್ಕೊಂಡ ಮೇಲೆ ಉಸಿರಾಡೋದು ಬೇಡ್ವಾ" ಎಂದು ಎಲ್ಲ ದಪ್ಪನವರಿಗೂ ಹೇಳುವ ಮಾತನ್ನೇ ಅಕ್ಕ ಅವನಿಗೂ ಹೇಳುತ್ತಿದ್ದಾಗ ಫೋನು ಬಂತು. ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಹಡಗಿನಿಂದ ತಮ್ಮನ ದನಿ, ಹಿಂದೆ ಯಾವುದೋ ಯಂತ್ರದ ಗುಂಯ್ ಎನ್ನುವ ಸದ್ದು. "ಅಕ್ಕ, ದೊರೆ ಹೋಗ್ಬಿಟ್ಲು" ಎಂದ. "ಎಲ್ಲಿಗೆ?" ಎಂದಳು ಅಕ್ಕ. ಅವಳು ಪೆದ್ದಿಯಾಗಿ ಕೇಳಿದ್ದಲ್ಲ. ಯಾರಾದರೂ ಗಾಲಿಕುರ್ಚಿ ತಳ್ಳದೆ ಹೊರಗೆ ಎಲ್ಲಿಗೂ ಹೋಗಲಾರದವಳು ಎಲ್ಲಿಗೆ ಹೋದಳು, ಯಾರು ತಳ್ಳಿಕೊಂಡು ಹೋದರು ಎಂದೇ ಅವಳ ಮನಸ್ಸು ಹೊರಟಿತು. ಅತ್ತಲಿಂದ ತಮ್ಮ ಅಳುವುದು ಕೇಳಿದ ಮೇಲೆ ಅರ್ಥವಾಯಿತು. ಬೆಳಗಿನ ಜಾವ, ಬಚ್ಚಲಲ್ಲಿ ಬಿದ್ದಳು, ತಲೆಗೆ ಪೆಟ್ಟಾಯಿತು, ಹಡಗಿನ ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು ಎಂದ. ಅಕ್ಕ ಫೋನಿಟ್ಟಳು. ಗುಮಾಸ್ತ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ. ಅವಳು ಅವನ ತೋಳು ಅಳೆದಳು, ಕುತ್ತಿಗೆ ಅಳೆದಳು, ಬರೆದುಕೊಂಡಳು, ಮುಂದಿನ ವಾರ ಬನ್ನಿ ಎಂದಳು. ಆ ಅಂಗಿ ಆಮೇಲೆ ಅವನಿಗೆ ಮೈಯಲ್ಲೇ ಬೆಳೆದ ಹಾಗೆ ಒಪ್ಪಿತು. ಅದನ್ನು ನೆನೆದಾಗಲೆಲ್ಲ ಅಕ್ಕನಿಗೆ ತನ್ನ ಕೈಗಳನ್ನು ಕಂಡರೆ ಹೇಸಿಗೆ.

ಮೂವರಲ್ಲಿ ಅಕ್ಕ ಹಿರಿಯವಳು, ನಡುವಿನವನು ತಮ್ಮ, ದೊರೆ ಕಡೆಯವಳು. ಚಿಕ್ಕಂದಿನಲ್ಲಿ ಒಂದು ಜ್ವರ ಬಂದು ಅವಳ ಕಾಲುಗಳ ಬಲವನ್ನು ತೆಗೆದುಕೊಂಡು ಹೋಯಿತು. ಅಂದಿನಿಂದ ಕೂತಲ್ಲಿಂದಲೇ ಎಲ್ಲರಿಗೂ ಅಪ್ಪಣೆ ಕೊಡುತ್ತಾಳೆಂದು ಅಪ್ಪ ಇಟ್ಟ ಹೆಸರು ದೊರೆ. ನಿಜವಾದ ಹೆಸರು ಅವಳಿಗೇ ಅಪರಿಚಿತವಾಗಿತ್ತು. ಅಕ್ಕ ಮದುವೆಯಾಗಲಿಲ್ಲ. ಯಾರಿಗೋಸ್ಕರ ಆಗಲಿಲ್ಲ ಎಂದು ಇಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಮನೆಯ ಮುಂದಿನ ಕೋಣೆಯೇ ಹೊಲಿಗೆಯ ಅಂಗಡಿ: ಅಕ್ಕ ಕತ್ತರಿಸುವುದು, ಹೊಲಿಯುವುದು, ದೊರೆ ಕಾಜಾ, ಗುಂಡಿ, ಕೈಹೊಲಿಗೆ, ಮತ್ತು ಬಂದವರ ಬಾಯಿಂದ ಊರ ಸುದ್ದಿಯನ್ನೆಲ್ಲ ಬಿಚ್ಚುವುದು. ಬಚ್ಚಲಲ್ಲಿ ಬಿದ್ದಳು ಎಂದು ತಮ್ಮ ಹೇಳಿದ ಕ್ಷಣದಿಂದ ಅಕ್ಕನಿಗೆ ಒಂದೇ ಸಂಗತಿ ಹೊಂದಿಕೆಯಾಗಲಿಲ್ಲ. ಆ ಬಚ್ಚಲು ಅವಳಿಗೆ ಗೊತ್ತು. ಹಡಗನ್ನು ಒಮ್ಮೆಯೂ ಕಾಣದಿದ್ದರೂ ಆ ಬಚ್ಚಲಿನ ಒಂದೊಂದು ಗೇಣೂ ಗೊತ್ತು. ಅಲ್ಲಿ ಬೀಳುವುದಕ್ಕೆ ಆಸ್ಪದವೇ ಇರಲಿಲ್ಲ.

ಏಕೆಂದರೆ ಆ ಕ್ಯಾಬಿನ್ ಆರಿಸಿದ್ದು ಅಕ್ಕತಂಗಿಯರೇ. ಕೆಲಸದಿಂದ ನಿವೃತ್ತನಾದ ಸಂತೋಷಕ್ಕೆ ತಮ್ಮನು ಹೆಂಡತಿಯನ್ನೂ ದೊರೆಯನ್ನೂ ಹಡಗಿನಲ್ಲಿ ಕರೆದುಕೊಂಡು ಹೋಗುತ್ತೇನೆಂದಾಗ, ಕಣ್ಣಿನ ಆಪರೇಷನ್ ಆಗಿದ್ದ ಅಕ್ಕ ತಾನು ಬರಲಾರೆ ಎಂದಳು. ಆದರೆ ಟಿಕೆಟ್ ಆಫೀಸಿನಿಂದ ಹಡಗಿನ ನಕ್ಷೆ ತರಿಸಿ ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಗಾಲಿಕುರ್ಚಿಯವರಿಗೆಂದೇ ಮಾಡಿದ ಕ್ಯಾಬಿನ್‌ಗಳು ಅಷ್ಟು ದೊಡ್ಡ ಹಡಗಿಗೆ ಕೆಲವೇ ಕೆಲವು. ಒಂದು ಲಿಫ್ಟಿಗೆ ದೂರ, ಇನ್ನೊಂದಕ್ಕೆ ಕಿಟಕಿಯಿಲ್ಲ, ಮತ್ತೊಂದು ಅಡುಗೆಮನೆಯ ತಲೆಯ ಮೇಲೆ. ಏಳನೇ ಅಂತಸ್ತಿನ ಏಳು ನಲವತ್ತೆರಡಕ್ಕೆ ಬಂದಾಗ ದೊರೆ ನಕ್ಷೆಯ ಮೇಲೆ ಬೆರಳಿಟ್ಟು, "ಇದರ ಕಿಟಕಿ ಕೆಳಗಿದೆ ನೋಡು. ಕೂತವರ ಕಣ್ಣಿಗೆ ಸಿಗತ್ತೆ. ಯಾರನ್ನೂ ಎತ್ತಿ ಅನ್ನದೆ ಸಮುದ್ರ ನೋಡ್ಬೇಕು ನಾನು" ಎಂದಳು. ಅಕ್ಕ ಅಳತೆಯಿಲ್ಲದೆ ಯಾವುದನ್ನೂ ನಂಬುವವಳಲ್ಲ. ಹೊಲಿಗೆಯ ಸೀಮೆಸುಣ್ಣದಲ್ಲಿ ಅಂಗಡಿಯ ನೆಲದ ಮೇಲೆ ಆ ಕ್ಯಾಬಿನ್ನನ್ನು ನಿಜವಾದ ಅಳತೆಗೇ ಬರೆದಳು: ಇಲ್ಲಿ ಅಗಲದ ಬಾಗಿಲು, ಇಲ್ಲಿ ಮಂಚ, ಇಲ್ಲಿ ಹೊಸ್ತಿಲಿಲ್ಲದೆ ಸಮನಾಗಿ ಸಾಗುವ ಬಚ್ಚಲು, ಇಲ್ಲಿ ಗೋಡೆಗೆ ಮಡಿಚಿಟ್ಟ ಸೀಟು, ಇಲ್ಲಿ ಹಿಡಿಯುವ ಕಂಬಿ, ಇಲ್ಲಿ ಎಳೆದರೆ ಗಂಟೆ ಬಾರಿಸುವ ಕೆಂಪು ಹಗ್ಗ. ದೊರೆ ಕುರ್ಚಿಯನ್ನು ತಾನೇ ಉರುಳಿಸಿಕೊಂಡು ಗೆರೆ ದಾಟದೆ ಒಳಗೆ ಹೋದಳು, ತಿರುಗಿದಳು, ಹೊರಗೆ ಬಂದಳು. ಇಡೀ ವಾರ ಗಿರಾಕಿಗಳು ಆ ಗೆರೆಗಳ ಮೇಲೆ ನಡೆದಾಡಿದರು. ಅಳತೆ ಕೊಡಲು ಬಂದ ಒಬ್ಬ ಮೇಷ್ಟರಿಗೆ ದೊರೆ, "ಅಲ್ಲಿ ನಿಲ್ಬೇಡಿ ಸಾರ್, ಅದು ನನ್ನ ಬಚ್ಚಲು. ಗಂಡಸರಿಗೆ ಪ್ರವೇಶ ಇಲ್ಲ" ಎಂದಳು. ಮೇಷ್ಟರು ಬೆಚ್ಚಿ ಪಕ್ಕಕ್ಕೆ ಹಾರಿದರು. "ಅಯ್ಯೋ, ಈಗ ಮಂಚದ ಮೇಲೆ ನಿಂತ್ರಿ. ಅದಂತೂ ಇನ್ನೂ ಕಷ್ಟ" ಎಂದಳು ದೊರೆ. ಮೇಷ್ಟರ ಕಿವಿ ಕೆಂಪಾಗಿದ್ದು ನೋಡಿ ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ನುಂಗುವ ಹಾಗೆ ನಕ್ಕಳು.

ದೊರೆಯ ಕೊನೆಯ ಕಾರ್ಯಗಳು ತಮ್ಮನ ಮನೆಯಲ್ಲೇ ನಡೆದವು. ಮಾತಾಡಿಸಿಕೊಂಡು ಹೋಗಲು ಬಂದವರಿಗೆಲ್ಲ ಅಕ್ಕ ಅಡುಗೆಮನೆಯಲ್ಲಿ ಕಾಫಿ ಮಾಡಿದಳು. ದುಃಖದ ಮನೆಯಲ್ಲಿ ಕೈಗೆ ಕೆಲಸ ಸಿಗುವುದೇ ಒಂದು ಆಸರೆ. ಲೋಟಗಳ ತಟ್ಟೆ ಹಿಡಿದು ಪರದೆಯ ಹಿಂದೆ ಬಂದಾಗ, ತಮ್ಮನ ಹೆಂಡತಿ ತನ್ನ ಚಿಕ್ಕಮ್ಮನ ಮಗಳಿಗೆ ಹೇಳುತ್ತಿದ್ದಳು. ದನಿಯಲ್ಲಿ ಕಳ್ಳತನವೇನೂ ಇರಲಿಲ್ಲ. ಪ್ರವಾಸ ಹೋಗಿಬಂದವರು ಹೇಳುವ ಹಾಗೆಯೇ ಹೇಳುತ್ತಿದ್ದಳು. "ರೂಮು ಎಷ್ಟು ದೊಡ್ಡದಿತ್ತು ಅಂತೀಯ, ಮೂರು ಜನ ಓಡಾಡಬಹುದು. ಅವಳ ಹೆಸರಲ್ಲೇ ತಗೊಂಡಿದ್ದು. ಹತ್ತಿದ ಮೇಲೆ ನೋಡಿದ್ರೆ, ಒಬ್ಬಳಿಗೆ ಇಷ್ಟು ದೊಡ್ಡದು ಯಾಕೆ ಅಂತ ಇವ್ರೇ ಅಂದ್ರು. ಪಕ್ಕದ್ದು ನಮ್ಮದು, ಬರೀ ಗೂಡು. ಅದರಲ್ಲಿ ಅವಳನ್ನ ಮಲಗಿಸಿದ್ವಿ. ಹಗಲೆಲ್ಲ ಮೇಲೆ ನಮ್ಮ ಜೊತೆಗೇ ಇರ್ತಿದ್ಲು, ರಾತ್ರಿ ಮಲಗೋಕೆ ತಾನೆ. ಕುರ್ಚಿ ಬಾಗಿಲಲ್ಲಿ ಹಿಡೀಲಿಲ್ಲ, ಮಡಿಚಿ ಹೊರಗಿಟ್ವಿ, ಇವ್ರೇ ಎತ್ತಿ ಮಲಗಿಸೋರು. ಪರವಾಗಿಲ್ಲ ಅತ್ತಿಗೆ ಅಂತ ಅವಳೂ ಅಂದ್ಲು. ಆ ಬಚ್ಚಲಿಗೆ ಇಷ್ಟೆತ್ತರ ಕಟ್ಟೆ, ನೋಡು. ನಮ್ಮನ್ನ ಎಬ್ಬಿಸೋದು ಬೇಡ ಅಂತ ತೆವಳ್ಕೊಂಡು ಹೋಗಿರ್ಬೇಕು. ಗ್ರಹಚಾರ." ಅಕ್ಕ ಪರದೆ ಸರಿಸಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ಕೊಟ್ಟಳು. ತಮ್ಮನ ಹೆಂಡತಿಗೆ ಸಕ್ಕರೆ ಹೆಚ್ಚು ಬೇಕೆಂದು ನೆನಪಿಟ್ಟು ಕೊಟ್ಟಳು. ಮೂಲೆಯಲ್ಲಿ ತಮ್ಮ ತಲೆ ಬಗ್ಗಿಸಿ ಕೂತಿದ್ದ. ಅವನ ಕೈಗೆ ಲೋಟ ಕೊಟ್ಟಾಗ ಬೆರಳು ಬೆರಳಿಗೆ ತಗುಲಿತು. ಬೆಚ್ಚಗಿತ್ತು.

ತನಗೆ ಗೊತ್ತು ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವನು ಕಾಲಿಗೆ ಬೀಳುತ್ತಿದ್ದ, ಅಳುತ್ತಿದ್ದ, ಹಿರಿಯಳಾದ ತಾನು ಎತ್ತಿ ನಿಲ್ಲಿಸಬೇಕಾಗುತ್ತಿತ್ತು. ಚಿಕ್ಕಂದಿನಿಂದಲೂ ಅವನ ತಪ್ಪುಗಳೆಲ್ಲ ಹಾಗೇ ಮುಗಿದಿದ್ದವು. ಪ್ರತಿ ಸಂಜೆ ದೀಪ ಹಚ್ಚಿ, ಅವಳಿಗೆ ಶಾಂತಿ ಕೊಡು ಎಂದು ದೇವರನ್ನು ಬೇಡುತ್ತಿದ್ದಳು. ಬೇಡಿಕೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಅದರ ಬಾಲಕ್ಕೆ ಇನ್ನೊಂದು ಸೇರಿಕೊಳ್ಳುತ್ತಿತ್ತು: ಅವನಿಗೆ ನೆಮ್ಮದಿ ಕೊಡಬೇಡ. ಜೀವಮಾನವೆಲ್ಲ ದೇವರ ಮುಂದೆ ಕೂತವಳಿಗೆ ಇದು ಪಾಪವೆಂದು ಗೊತ್ತಿತ್ತು. ಗೊತ್ತಿದ್ದೇ, ಜಾಗ್ರತೆಯಾಗಿ, ಮಾತುಗಳನ್ನು ಆರಿಸಿ ಬೇಡುತ್ತಿದ್ದಳು. ತಮ್ಮನ ಅಂಗಿಗಳನ್ನು ಮೊದಲಿನಿಂದಲೂ ಅವಳೇ ಹೊಲಿಯುವುದು. ಆ ವರ್ಷ ಕೊಟ್ಟ ಅಂಗಿಗಳ ಕಾಲರನ್ನು ಒಂದು ನೂಲಿನಷ್ಟು, ಕಣ್ಣಿಗೆ ಕಾಣದಷ್ಟು, ಬಿಗಿ ಮಾಡಿದಳು. ಅವನು ತೊಟ್ಟ, ಕುತ್ತಿಗೆಯ ಸುತ್ತ ಬೆರಳು ಆಡಿಸಿಕೊಂಡ, ಏನೂ ಅನ್ನಲಿಲ್ಲ. ಮುಂದಿನದನ್ನು ಇನ್ನೊಂದು ನೂಲು ಬಿಗಿ ಮಾಡಿದಳು. ಆಮೇಲೆ ಒಂದು ದಿನ ಅವನಿಗೆ ಬಲಗಡೆಗೆ ಲಕ್ವಾ ಹೊಡೆಯಿತೆಂದು ಆಸ್ಪತ್ರೆಯಿಂದ ಕರೆ ಬಂತು. ಅಕ್ಕನಿಗೆ ಮೊದಲು ಬಂದದ್ದು ದೇವರು ಕೇಳಿಸಿಕೊಂಡುಬಿಟ್ಟನೇ ಎಂಬ ಭಯ. ಅದರ ಒಳಗೇ, ಬಾಯಲ್ಲಿ ಕರಗುವ ಏನೋ ಒಂದು ಸಿಹಿ. ಕೊನೆಗೆ ಉಳಿದದ್ದು ಮಾತ್ರ ನಿರಾಶೆ: ಅವನಿಗೆ ಯಾತಕ್ಕೆ ಬಂತೆಂದು ಅವನಿಗೇ ತಿಳಿಯದೆ ಬಂತಲ್ಲ. ಡಾಕ್ಟರು ರಕ್ತದ ಒತ್ತಡ ಎಂದರು, ಅವನೂ ಅದನ್ನೇ ನಂಬಿದ.

ಮೊನ್ನೆ ತಮ್ಮನ ಹೆಂಡತಿ ಅಂಗಡಿಗೆ ಬಂದಳು. ಅಕ್ಕ ಒಂದು ಕೋಟಿನೊಳಗೆ ಅಸ್ತರಿನ ಬಟ್ಟೆ ಕೂಡಿಸುತ್ತಿದ್ದಳು. ದೊರೆ ಕೂರುತ್ತಿದ್ದ ಜಾಗದಲ್ಲಿ ಈಗ ಇಸ್ತ್ರಿ ಮೇಜಿತ್ತು. ಬಂದವಳು ಅದಕ್ಕೇ ಒರಗಿ ನಿಂತಳು. "ಮಗಳ ಅತ್ತೆ ಮಾವ ಎಲ್ಲಾ ಸೇರಿ ಹಡಗಲ್ಲಿ ಹೊರಟಿದಾರೆ ಅಕ್ಕ. ನಾವೂ ಬರ್ಬೇಕಂತೆ. ಇವ್ರಿಗೆ ಈ ಸ್ಥಿತಿ ಅಂದ್ರೂ ಕೇಳ್ತಿಲ್ಲ. ಹೋಗ್ದಿದ್ರೆ ಮಗಳಿಗೆ ಮಾತು."

"ಯಾವ ಹಡಗು?"

ತಮ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆಯ ವೈರು ಸುತ್ತತೊಡಗಿದಳು. "ಅದೇ. ಅವ್ರಿಗೆ ಏನೂ ಗೊತ್ತಿಲ್ಲ. ನಾವು ಹೇಳಿಲ್ಲ, ಶುಭದ ಹೊತ್ತಲ್ಲಿ ಯಾಕೆ ಅಂತ."

"ಸರಿ."

"ರೂಮು ಆರಿಸ್ಬೇಕು. ನಂಗೆ ಆ ನಕ್ಷೆ ಅದೂ ಇದೂ ತಲೆಗೆ ಹೋಗಲ್ಲ. ಅಕ್ಕನೇ ಆರಿಸ್ಲಿ ಅಂತ ಇವ್ರು ಹಟ ಹಿಡಿದಿದಾರೆ. ಮಾತು ಸರಿಯಾಗಿ ಹೊರಡಲ್ಲ, ಆದ್ರೂ ಬೆಳಗಿಂದ ಅದೇ. ಅಕ್ಕ, ಅಕ್ಕ, ಅಕ್ಕ. ಮಗು ಥರ ಆಗೋಗಿದಾರೆ."

ಅಕ್ಕ ಸೂಜಿಗೆ ದಾರ ಪೋಣಿಸಿದಳು. ತನ್ನ ಕೈ ಇಷ್ಟು ಸ್ಥಿರವಾಗಿರುವುದು ಅವಳಿಗೇ ಆಶ್ಚರ್ಯವಾಯಿತು. "ನಾಳೆ ಬರ್ತೀನಿ" ಎಂದಳು.

ಟಿಕೆಟ್ ಆಫೀಸು ಒಂದು ಔಷಧದಂಗಡಿಗೂ ಚಪ್ಪಲಿಯಂಗಡಿಗೂ ನಡುವಿನ ಕಿರಿದಾದ ಕೋಣೆ. ಗೋಡೆಯ ತುಂಬ ನೀಲಿ ಸಮುದ್ರದ ಚಿತ್ರಗಳು, ತಣ್ಣನೆಯ ಗಾಳಿ, ನೆಲ ಒರೆಸಿದ ಔಷಧದ ವಾಸನೆ. ತಮ್ಮನನ್ನು ಕೂರಿಸಿಕೊಂಡು ಬಂದದ್ದು ದೊರೆಯ ಕುರ್ಚಿಯಲ್ಲಿ. ಹಡಗಿನಿಂದ ಅದು ಅವನ ಮನೆಗೇ ಬಂದಿತ್ತು, ಅಲ್ಲೇ ಉಳಿದಿತ್ತು; ಬೇರೆಯದು ಯಾಕೆ ಕೊಳ್ಳುವುದು, ಸುಮ್ಮನೆ ಬಿದ್ದಿದೆಯಲ್ಲ ಎಂದುಕೊಂಡಿರಬೇಕು. ಬೆನ್ನಿನ ದಿಂಬು ಅಕ್ಕ ಹೊಲಿದದ್ದು, ದೊರೆಯ ಬೆನ್ನಿನ ಓರೆಗೆ ಸರಿಯಾಗಿ, ಎಡಕ್ಕೆ ಒಂದಿಷ್ಟು ದಪ್ಪ. ತಮ್ಮನನ್ನು ಅದು ಎಡದಿಂದ ತಳ್ಳುತ್ತಿತ್ತು, ಅವನು ಬಲಕ್ಕೆ ವಾಲಿಕೊಂಡಿದ್ದ. ಯಾರೂ ಅದನ್ನು ತೆಗೆದಿರಲಿಲ್ಲ. ಬಿಗಿ ಕಾಲರಿನ ಮೇಲೆ ಅವನ ಗಂಟಲ ಚರ್ಮ ಮಡಿಕೆಯಾಗಿ ಕೂತಿತ್ತು. ಅಕ್ಕ ನೋಡಿದಳು, ನೋಡಿ ಕಣ್ಣು ತೆಗೆಯಲಿಲ್ಲ.

ಟಿಕೆಟ್ಟಿನವನು ಹಸನ್ಮುಖಿ, ಮಾತುಗಾರ. ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದ. "ವೀಲ್‌ಚೇರ್ ರೂಮು ಎರಡೇ ಉಳಿದಿವೆ ಅಮ್ಮ. ಇವಕ್ಕೆ ಎಲ್ಲಿಲ್ಲದ ಬೇಡಿಕೆ. ಕೆಲವರಿಗೆ ಮೈಯೆಲ್ಲ ಗಟ್ಟಿಮುಟ್ಟಾಗಿರತ್ತೆ, ದೊಡ್ಡ ರೂಮು ಅಂತ ಆಸೆಗೆ ಬಿದ್ದು ತಗೊಂಡ್ಬಿಡ್ತಾರೆ. ನಿಜವಾಗಿ ಬೇಕಾದವರು ಗೂಡಲ್ಲಿ ಒದ್ದಾಡ್ತಾರೆ. ಏನ್ ಜನ ಅಂತೀನಿ." ತಮ್ಮನ ಎಡಗೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಅವನ ಹೆಂಡತಿ ಬ್ಯಾಗಿನಲ್ಲಿ ಏನನ್ನೋ ಹುಡುಕಿದಳು, ಸಿಗಲಿಲ್ಲ, ಮುಚ್ಚಿದಳು. "ಬೀಗರೆಲ್ಲ ಐದನೇ ಅಂತಸ್ತಲ್ಲಿ ಸಾಲಾಗಿ ತಗೊಂಡಿದಾರೆ" ಎಂದಳು. "ಅವ್ರ ಪಕ್ಕ ಮಾಮೂಲಿ ರೂಮು ಒಂದು ಖಾಲಿ ಇದೆಯಂತೆ. ನಂಗೆ ಅದೇ ಸರಿ ಅನ್ಸುತ್ತೆ ಅಕ್ಕ. ಆ ಕಂಬಿ, ಸೀಟು, ಹಗ್ಗ ಎಲ್ಲಾ ನೋಡಿದ್ರೆ ಆಸ್ಪತ್ರೆ ಥರ. ಬೀಗರು ಬಂದು ಇಣುಕಿದ್ರೆ ಏನಂದ್ಕೋತಾರೆ? ಹಗಲೆಲ್ಲ ಮೇಲೆ ಎಲ್ಲರ ಜೊತೆ ಇರ್ತಾರೆ. ರಾತ್ರಿ ಮಲಗೋಕೆ ತಾನೆ."

ಪರದೆಯ ಹಿಂದೆ ಲೋಟಗಳ ತಟ್ಟೆ ಹಿಡಿದು ನಿಂತಂತಾಯಿತು ಅಕ್ಕನಿಗೆ. ಅದೇ ಮಾತು, ಅದೇ ಮುಗ್ಧ ದನಿ. ಈ ಹೆಂಗಸಿಗೆ ತಾನು ಹೇಳಿದ್ದು ಏನೆಂದು ನೆನಪೇ ಇಲ್ಲ. ಈಗ ಅಕ್ಕ ಏನೂ ಮಾಡಬೇಕಾಗಿಲ್ಲ. ನಿನಗೆ ಹೇಗೆ ಕಾಣುತ್ತೋ ಹಾಗೆ ಮಾಡಮ್ಮ ಎಂದರೆ ಸಾಕು. ಅದನ್ನೂ ಅನ್ನಬೇಕಿಲ್ಲ, ತಲೆಯಾಡಿಸಿದರೆ ಆಯಿತು. ಕುರ್ಚಿ ಬಾಗಿಲಲ್ಲಿ ಹಿಡಿಯುವುದಿಲ್ಲ, ಮಡಿಚಿ ಹೊರಗಿಡುತ್ತಾರೆ. ಬೆಳಗಿನ ಜಾವ ಅವನು ಹೆಂಡತಿಯನ್ನು ಕೂಗುತ್ತಾನೆ. ನಾಲಗೆ ಹೊರಳುವುದಿಲ್ಲ, ಅವಳದು ಗಾಢ ನಿದ್ದೆ. ಒಂದು ಕಾಲು ಎಳೆಯುತ್ತ ಗೋಡೆ ಹಿಡಿದು ಹೊರಡುತ್ತಾನೆ. ಕಬ್ಬಿಣದ ಕಟ್ಟೆ. ಅಕ್ಕ ಅದನ್ನು ಕಣ್ಣಾರೆ ಕಂಡಳು, ಅವನ ಸತ್ತ ಪಾದದ ಬೆರಳು ಕಟ್ಟೆಗೆ ತಗುಲುವುದನ್ನು ಕೂಡ. ಮೈ ಹಗುರವಾಯಿತು. ಯಾರೂ ಅವಳನ್ನು ಬೆರಳು ಮಾಡಿ ತೋರಿಸಲಾರರು. ದೇವರು ಕೂಡ ಕೇಳಲಾರ. ಅವನಿಗೂ ಹೇಳಬಹುದು, ನಾನು ಸುಮ್ಮನಿದ್ದೆನಷ್ಟೆ ಎಂದು. ತಲೆಯಾಡಿಸಲು ಕತ್ತು ಎತ್ತಿದಳು. ತಮ್ಮ ಅವಳನ್ನೇ ನೋಡುತ್ತಿದ್ದ. ವಾರೆಯಾದ ಬಾಯಿಂದ ಒಂದು ಎಳೆ ಜೊಲ್ಲು ಇಳಿದಿತ್ತು. ಹೆಂಡತಿಯ ಮಾತು ಅವನಿಗೆ ನೆನಪಿತ್ತು, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಅದೇ ಗೂಡಿಗೆ ತನ್ನನ್ನು ಹಾಕುವುದನ್ನು ಅವನು ಕಾಯುತ್ತಿದ್ದ. ಹಾಕಲಿ ಎಂದು ಕಾಯುತ್ತಿದ್ದ. ಬಿದ್ದರೆ ಲೆಕ್ಕ ಚುಕ್ತಾ, ಮತ್ತೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಕ್ಕನಿಗೆ ಥಟ್ಟನೆ ತಿಳಿಯಿತು: ತನಗೆ ಎಲ್ಲ ಗೊತ್ತಿರಬಹುದೆಂಬ ಗುಮಾನಿ ಅವನಿಗಿದೆ, ನಿನ್ನೆಯೆಲ್ಲ ಅಕ್ಕ ಅಕ್ಕ ಎಂದು ಹಟ ಹಿಡಿದದ್ದು ಇದಕ್ಕೆ. ಅಷ್ಟು ಸುಲಭದಲ್ಲಿ ಬಿಡಿಸಿಕೊಂಡು ಹೋಗುವುದಕ್ಕೆ.

"ಮಾಮೂಲಿ ರೂಮು ಬೇಡ" ಎಂದಳು ಅಕ್ಕ. "ಏಳು ನಲವತ್ತೆರಡು ಖಾಲಿ ಇದೆಯಾ ನೋಡಿ."

ಟಿಕೆಟ್ಟಿನವನು ನೋಡಿದ. "ಇದೆಯಲ್ಲಮ್ಮ. ಇರೋ ಎರಡರಲ್ಲಿ ಅದೊಂದು. ನಂಬರೇ ಹೇಳಿಬಿಟ್ರಿ, ಮೊದಲು ಹೋಗಿದ್ರಾ?"

"ನಾನು ಹೋಗಿಲ್ಲ. ಇವನು ಹೋಗಿದ್ದ. ಅದರಲ್ಲೇ ಇದ್ದ. ತುಂಬ ಚೆನ್ನಾಗಿತ್ತಂತೆ."

ತಮ್ಮನ ಹೆಂಡತಿ ಥಟ್ಟನೆ ತಲೆ ಎತ್ತಿದಳು. ಅಕ್ಕ ಅವಳ ಕಡೆ ನೋಡಲಿಲ್ಲ. ತಮ್ಮನ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ತಳ್ಳಿದಳು, ಅವನ ಕಿವಿಯ ಬಳಿ ಬಗ್ಗಿ, ಮಗುವಿಗೆ ಪಾಠ ಹೇಳಿಕೊಡುವ ಹಾಗೆ ನಿಧಾನವಾಗಿ ಹೇಳಿದಳು. "ನೋಡು, ಇಲ್ಲಿಂದ ನೇರ ಒಳಗೆ ಹೋಗ್ಬಹುದು. ಯಾರೂ ಎತ್ತಬೇಕಾಗಿಲ್ಲ. ಇದು ಮಂಚ, ಇದರ ಎತ್ತರ ಕುರ್ಚಿಯಷ್ಟೇ. ಇದು ಬಚ್ಚಲು, ಕಟ್ಟೆ ಇಲ್ಲ. ಇದು ಸೀಟು, ಕೂತು ಸ್ನಾನ ಮಾಡ್ಬಹುದು. ಈ ಹಗ್ಗ ಎಳೆದ್ರೆ ಯಾರಾದ್ರೂ ಓಡಿ ಬರ್ತಾರೆ, ಎಷ್ಟು ಹೊತ್ತಿಗಾದ್ರೂ. ಕಿಟಕಿ ಕೆಳಗಿದೆ. ಕೂತಲ್ಲಿಂದಲೇ ಸಮುದ್ರ ಕಾಣತ್ತೆ. ಇಡೀ ದಿನ ನೋಡ್ತಾ ಕೂತ್ಕೋಬಹುದು." ಟಿಕೆಟ್ಟಿನವನು ಕೆಲಸ ಬಿಟ್ಟು ಕೇಳುತ್ತಿದ್ದ. "ಅಕ್ಕ ಅಂದ್ರೆ ಹೀಗಿರ್ಬೇಕು ನೋಡಿ" ಎಂದ, ಕಣ್ಣು ಒದ್ದೆ ಮಾಡಿಕೊಂಡು.

ಹೊರಗೆ, ಚಪ್ಪಲಿಯಂಗಡಿಯ ನೆರಳಿನಲ್ಲಿ ಇಬ್ಬರನ್ನೂ ಬಿಟ್ಟು, ತಮ್ಮನ ಹೆಂಡತಿ ಕಾರು ತರಲು ಹೋದಳು. ತಮ್ಮ ಅಳುತ್ತಿದ್ದ. ಮುಖದ ಒಂದು ಪಕ್ಕ ಮಾತ್ರ ಅಳುತ್ತಿತ್ತು, ಇನ್ನೊಂದು ಪಕ್ಕ ಏನೂ ಗೊತ್ತಿಲ್ಲದ ನೆರೆಯವನ ಹಾಗೆ ಸುಮ್ಮನಿತ್ತು.

"ನಿ... ನಿಜವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು. ಅವತ್ತು ಕಾಫಿ ಕೊಟ್ಟಾಗಿಂದ."

"ಬೇರೆ ರೂಮು, ಅಕ್ಕ."

"ಬೇರೆ ಯಾವುದು? ಸಣ್ಣದಾ? ಅದು ನಿನಗಾಗಲ್ಲ ಕಣೋ. ಬಿದ್ದುಬಿಡ್ತೀಯ."

"ನಿದ್ದೆ ಬರಲ್ಲ ಅಲ್ಲಿ."

"ಬರದಿದ್ರೆ ಎದ್ದಿರು."

ಅವನ ಎಡಗೈ ಅವಳ ತೋಳಿನ ಬಟ್ಟೆಯನ್ನು ಹಿಡಿದುಕೊಂಡಿತು. ಕಳೆದುಹೋದ ಮಗುವಿನ ಹಿಡಿತ. ಶಾಲೆಯ ದಾರಿಯಲ್ಲಿ ನಾಯಿ ಕಂಡರೆ ಅವನು ಹೀಗೇ ಹಿಡಿಯುತ್ತಿದ್ದ, ಆಗ ಅವಳು ಅವನನ್ನು ಹಿಂದಕ್ಕೆ ಮಾಡಿಕೊಂಡು ತಾನು ಮುಂದೆ ನಿಲ್ಲುತ್ತಿದ್ದಳು. ಅಕ್ಕ ತಪ್ಪಾಗಿ ಬಿದ್ದ ಹೊಲಿಗೆಯನ್ನು ಬಿಚ್ಚುವ ಹಾಗೆ, ಬಟ್ಟೆಗೆ ಘಾಸಿಯಾಗದಂತೆ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೈಯನ್ನು ತೊಡೆಯ ಮೇಲಿಟ್ಟಳು. ಕಾರು ಬಂತು. ತಮ್ಮನ ಹೆಂಡತಿ ಅವಳ ಮುಖ ನೋಡದೆ, "ನಿಮ್ಮನ್ನ ಮನೆಗೆ ಬಿಡ್ಲಾ ಅಕ್ಕ?" ಎಂದಳು. ನಡೆದು ಹೋಗುತ್ತೇನೆ ಎಂದಳು ಅಕ್ಕ. ನಡೆಯುವಾಗ ಕಾಲಿಗೆ ವಯಸ್ಸೇ ಆಗಿರಲಿಲ್ಲ. ಹಣ್ಣಿನಂಗಡಿಯ ಮುಂದೆ ನಿಂತು, ತಿನ್ನುವ ಮನಸ್ಸಿಲ್ಲದಿದ್ದರೂ ಹಣ್ಣು ಕೊಂಡಳು. ಒಂದು ವರ್ಷದಿಂದ ಎದೆಯಲ್ಲಿ ಕಾಯಿಸಿಟ್ಟದ್ದನ್ನು ಕೊನೆಗೂ ಇರಬೇಕಾದ ಜಾಗದಲ್ಲಿ ಇಟ್ಟು ಬಂದಿದ್ದಳು; ಅದು ಅಲ್ಲಿ ಕೆಲಸ ಮಾಡುತ್ತದೆ, ಪ್ರತಿ ಅಲೆಗೂ ಮಾಡುತ್ತದೆ. ತಾನು ಅವನ ಜೀವ ಉಳಿಸಿದೆನೋ ಏನೋ ಎಂಬ ಯೋಚನೆ ಒಂದು ತಿರುವಿನಲ್ಲಿ ಎದುರಾಯಿತು. ಅದನ್ನು ಗುರುತಿಸದವಳ ಹಾಗೆ ದಾಟಿ ಬಂದಳು.

ಸಂಜೆ ದೀಪ ಹಚ್ಚಿ ಕೂತಳು. ಅವಳಿಗೆ ಶಾಂತಿ ಕೊಡು ಎಂದಳು. ಅಭ್ಯಾಸಬಲದಿಂದ ನಾಲಗೆ ಬಾಲದ ಮಾತಿಗೆ ಕಾದು ನಿಂತಿತು. ಅದು ಬರಲಿಲ್ಲ. ಅವನನ್ನು ಕ್ಷಮಿಸಿದ್ದಳೆಂದಲ್ಲ, ಬೇಡಲು ಏನೂ ಉಳಿದಿರಲಿಲ್ಲ. ಆ ಖಾಲಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ವರ್ಷವೆಲ್ಲ ದೊರೆಯನ್ನು ನೆನೆದಾಗಲೆಲ್ಲ ನಡುವೆ ತಮ್ಮ ನಿಂತಿದ್ದ. ದೊರೆಗೆಂದು ಅತ್ತ ಅಳುವಿನಲ್ಲೂ ಅವನದೇ ಮುಖವಿತ್ತು. ಸತ್ತವಳಿಗಿಂತ ಹೆಚ್ಚಾಗಿ ಕೊಂದವನನ್ನು ಮನೆಯಲ್ಲಿಟ್ಟುಕೊಂಡು ಬಾಳಿದ್ದಳು. ಈಗ ಅವನು ಅವಳ ಮನಸ್ಸಿನಿಂದ ಎದ್ದು ಹಡಗಿಗೆ ಹೊರಟುಹೋಗಿದ್ದ, ಮತ್ತು ಮೊದಲ ಸಲ ದೊರೆ ಒಬ್ಬಳೇ ಕಂಡಳು: ಗೂಡಿನಂಥ ಕೋಣೆಯಲ್ಲಿ, ತಣ್ಣನೆಯ ಕಬ್ಬಿಣದ ನೆಲದ ಮೇಲೆ, ಪಕ್ಕದ ಗೋಡೆಯಾಚೆ ಮಲಗಿದವರ ನಿದ್ದೆ ಕೆಡಬಾರದೆಂದು ನೋವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು. ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದವಳು ಕೊನೆಗೆ ಯಾರನ್ನೂ ಕರೆಯಲಿಲ್ಲ. ಅಕ್ಕ ನೆಲಕ್ಕೆ ಹಣೆ ಮುಟ್ಟಿಸಿದಳು. ಸುದ್ದಿ ತಿಳಿದ ದಿನ ಬರಬೇಕಾಗಿದ್ದ ಅಳು ಈಗ ಬಂತು, ದನಿಯಿಲ್ಲದೆ, ಇಡೀ ಮೈಯಿಂದ. ಅದು ಒಂದಿಷ್ಟು ತಗ್ಗಿದ ಮೇಲೆ, ಮಾತುಗಳನ್ನು ಆರಿಸದೆ, ಬಂದ ಹಾಗೆ ಹೇಳಿದಳು: "ದೇವರೇ, ಅವಳು ಒಬ್ಬಳೇ ಕಳೆದ ಆ ಹೊತ್ತನ್ನ ಅವಳ ನೆನಪಿನಿಂದ ತೆಗೆದುಬಿಡು. ಇವತ್ತು ನಾನು ಮಾಡಿದ್ದು ನನ್ನ ತಲೆ ಮೇಲಿರಲಿ, ಅದರ ಒಂದು ಹನಿಯೂ ಅವಳಿಗೆ ತಾಗದೆ ಇರಲಿ. ಅವಳು ಕರೆದಾಗ ನೀನು ಹತ್ತಿರ ಇರು. ಕರೀದೇ ಇದ್ರೂ ಹತ್ತಿರ ಇರು, ಅವಳು ಸಂಕೋಚದವಳು. ನನ್ನ ತಂಗಿಗೆ ಶಾಂತಿ ಕೊಡು. ಶಾಂತಿ ಕೊಡು."